ಎ–ಬಿ ಗೆರೆ

ಅಭ್ಯಾಸ ಬೋಧನೆಗೆಂದು ನನ್ನನ್ನು ಕಳಿಸಿದ್ದು ತಾಲ್ಲೂಕು ಕೇಂದ್ರವೊಂದರ ಐ.ಟಿ.ಐ.ಗೆ. ಸಿವಿಲ್ ಡ್ರಾಫ್ಟ್ಸ್‌ಮನ್ ವಿಭಾಗ, ಹದಿನೆಂಟು ಮಕ್ಕಳು, ಅವರಲ್ಲಿ ಏಳು ಜನ ಹುಡುಗಿಯರು. ಪ್ರಾಯೋಗಿಕ ಪರೀಕ್ಷೆಗೆ ಐದು ವಾರ ಬಾಕಿ ಇತ್ತು. ಅಲ್ಲಿಯ ಕಿರಿಯ ತರಬೇತಿ ಅಧಿಕಾರಿಗಳು ಮೊದಲ ದಿನವೇ ಡ್ರಾಯಿಂಗ್ ಹಾಲಿನ ಬೀಗದ ಕೈ ಕೊಟ್ಟು, "ಪೋರ್ಷನ್ ಎಲ್ಲ ಮುಗಿದಿದೆ ಮೇಡಂ. ಇನ್ನೇನಿದ್ದರೂ ರಿವಿಷನ್. ಬಿಲ್ಡಿಂಗ್ ಡ್ರಾಯಿಂಗ್ ಒಂದು ನೋಡಿಕೊಂಡುಬಿಡಿ, ಅದು ಬಂದರೆ ಪಾಸು" ಎಂದರು.

ಬೀರುವಿನಲ್ಲಿದ್ದ ಮಕ್ಕಳ ಶೀಟುಗಳನ್ನು ಅಂದು ಸಂಜೆ ತೆಗೆದು ನೋಡಿದೆ. ಬಹಳ ಚೆನ್ನಾಗಿದ್ದವು. ಗೆರೆ ನೇರ, ಅಕ್ಷರ ಅಚ್ಚುಕಟ್ಟು. ನಾಲ್ಕೈದು ಶೀಟು ನೋಡುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಮನೆಯ ನಕ್ಷೆಯಲ್ಲಿ ಎಲ್ಲ ಕಿಟಕಿಗಳಿಗೂ ಸಜ್ಜಾ ತೋರಿಸಿದ್ದರು, ಅಡುಗೆಮನೆಯ ಕಿಟಕಿಗೆ ಮಾತ್ರ ಇರಲಿಲ್ಲ. ಹದಿನೆಂಟು ಶೀಟುಗಳಲ್ಲೂ ಇರಲಿಲ್ಲ. ಯಾವುದೋ ಹಳೆಯ ಬ್ಯಾಚಿನ ಯಾರೋ ಒಬ್ಬರು ಮರೆತ ಸಜ್ಜಾ ವರ್ಷದಿಂದ ವರ್ಷಕ್ಕೆ ಹಾಗೇ ಮರೆತುಕೊಂಡು ಬಂದಿತ್ತು.

ಇದು ಹೇಗಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡಿಪ್ಲೊಮಾ ಓದುವಾಗ ನಾವು ಇದನ್ನು 'ಜಿ.ಟಿ.' ಎನ್ನುತ್ತಿದ್ದೆವು, ಗ್ಲಾಸ್ ಟ್ರೇಸಿಂಗ್. ಎರಡು ಸ್ಟೂಲಿನ ಮೇಲೆ ಒಂದು ಕಿಟಕಿ ಗಾಜು, ಕೆಳಗೆ ಉರಿಯುವ ಬಲ್ಬು, ಗಾಜಿನ ಮೇಲೆ ಸೀನಿಯರ್ ಶೀಟು, ಅದರ ಮೇಲೆ ನಮ್ಮ ಖಾಲಿ ಶೀಟು. ಒಂದು ರಾತ್ರಿಯಲ್ಲಿ ಮೂರು ಶೀಟು ಮುಗಿಯುತ್ತಿತ್ತು. ಇಂಟರ್ನಲ್ ಅಂಕ ತುಂಬ ಬರುತ್ತಿತ್ತು. ಆಮೇಲೆ ಪರೀಕ್ಷೆಯಲ್ಲಿ ಡಾಗ್-ಲೆಗ್ಡ್ ಮೆಟ್ಟಿಲಿರುವ ಮನೆಯ ಪ್ರಶ್ನೆ ಬಂತು. ಗಾಜಿಲ್ಲ, ಬಲ್ಬಿಲ್ಲ. ಎರಡು ಗಂಟೆ ಹೊತ್ತು ಗಳಿಗೆಗೊಮ್ಮೆ ಪೆನ್ಸಿಲ್ ಕೆತ್ತಿಕೊಂಡು ಕೂತಿದ್ದೆ. ಆ ಪೇಪರ್ ಹೋಯಿತು. ಮನೆಯಲ್ಲಿ ಅಪ್ಪ ಏನೂ ಅನ್ನಲಿಲ್ಲ, ಮತ್ತೆ ಪರೀಕ್ಷೆ ಶುಲ್ಕಕ್ಕೆ ಹಣ ಎಣಿಸಿ ಕೊಟ್ಟರು. ಅದಾದ ಮೇಲೆ ಮೂರು ವರ್ಷ ಎಂಜಿನಿಯರರೊಬ್ಬರ ಕಚೇರಿಯಲ್ಲಿ ಲೈಸೆನ್ಸ್ ಪ್ಲಾನ್ ಹಾಕುತ್ತ, ಸೈಟಿಗೆ ಹೋಗಿ ಮೇಸ್ತ್ರಿಗಳ ಹತ್ತಿರ ಬೈಸಿಕೊಳ್ಳುತ್ತ ಕಲಿತದ್ದೇ ಈಗ ನನಗೆ ಬರುವ ಡ್ರಾಯಿಂಗ್.

ಆದ್ದರಿಂದ ಎರಡನೆಯ ದಿನ ಪಾಠ ಮಾಡದೆ ಒಂದು ಪ್ರಶ್ನೆ ಕೊಟ್ಟೆ. ಅವರ ಬೀರುವಿನಲ್ಲಿದ್ದ ಮನೆಯೇ: ಹಾಲ್, ಅಡುಗೆಮನೆ, ಒಂದು ಮಲಗುವ ಕೋಣೆ, ಬಚ್ಚಲು, ಪಕ್ಕದಲ್ಲಿ ತಾರಸಿಗೆ ಮೆಟ್ಟಿಲು. ಹೊರ ಅಳತೆ ಸುಮಾರು 9 ಮೀಟರ್‌ಗೆ 7 ಮೀಟರ್. ಗೋಡೆ 230 ಮಿ.ಮೀ., ಪ್ಲಿಂತ್ 600, ನೆಲದಿಂದ ತಾರಸಿಯ ಮೇಲ್ಮೈಗೆ 3300. ನಾನು ಬದಲಾಯಿಸಿದ್ದು ಒಂದೇ. ಅವರ ಶೀಟಿನಲ್ಲಿ ಎ–ಬಿ ಗೆರೆ ಮುಂಬಾಗಿಲಿನಿಂದ ಹೊಕ್ಕು, ಹಾಲು ದಾಟಿ, ಹಿಂದಿನ ಕಿಟಕಿಯಲ್ಲಿ ಹೊರಬೀಳುತ್ತಿತ್ತು. ನಾನು ಆ ಗೆರೆಯನ್ನು ಪಕ್ಕಕ್ಕೆ ಸರಿಸಿ ಬಚ್ಚಲು ಮತ್ತು ಮೆಟ್ಟಿಲಿನ ಮೇಲೆ ಹಾಯಿಸಿದೆ.

ಹದಿಮೂರು ಜನ ಸೆಕ್ಷನ್ನಿನಲ್ಲಿ ಮುಂಬಾಗಿಲು ಬರೆದಿದ್ದರು.

ಗೆರೆ ಬಾಗಿಲ ಹತ್ತಿರಕ್ಕೂ ಹೋಗಿರಲಿಲ್ಲ. ಆದರೂ 2100 ಎತ್ತರದ ಬಾಗಿಲು, ಮೇಲೆ ಲಿಂಟಲ್, ಅದರ ಮೇಲೆ 600 ಚಾಚಿದ ಸಜ್ಜಾ, ಎಲ್ಲ ಅಳತೆಯೂ ಸರಿಯಾಗಿತ್ತು. ಕೈಗೆ ಬಂದದ್ದನ್ನು ಕೈ ಬರೆದಿತ್ತು. ಉಳಿದ ಐವರಲ್ಲಿ ಮೂವರು ಏನೂ ಬರೆದಿರಲಿಲ್ಲ. ಅವರ ಮೇಲೆ ನನಗೆ ಹೆಚ್ಚು ಭರವಸೆ ಬಂತು. ಗೊತ್ತಿಲ್ಲ ಎಂಬುದಾದರೂ ಅವರಿಗೆ ಗೊತ್ತಿತ್ತು.

ನಮ್ಮ ತರಬೇತಿಯಲ್ಲಿ ಪಾಠಕ್ಕೆ ನಾಲ್ಕು ಹಂತ ಹೇಳಿಕೊಡುತ್ತಾರೆ: ಸಿದ್ಧತೆ, ಪ್ರಸ್ತುತಿ, ಅನ್ವಯ, ಪರೀಕ್ಷೆ. ನಾನೂ ಅದೇ ನಮೂನೆಯಲ್ಲಿ ಪಾಠ ಯೋಜನೆ ಬರೆದಿದ್ದೇನೆ, ತಕರಾರಿಲ್ಲ. ಆದರೆ ಡ್ರಾಯಿಂಗ್ ವಿಷಯದಲ್ಲಿ ಪರೀಕ್ಷೆಯನ್ನು ಕೊನೆಗಿಟ್ಟರೆ ಮೋಸ ಹೋಗುತ್ತೇವೆ ಎಂದು ಅಂದು ಅನ್ನಿಸಿತು. ಶೀಟು ನೋಡಿದರೆ ಕಲಿತಂತೆಯೇ ಕಾಣುತ್ತದೆ. ಗೆರೆ ಸರಿಸಿ ನೋಡುವವರೆಗೆ ಗೊತ್ತಾಗುವುದಿಲ್ಲ.

ಮೊದಲು ಮೆಟ್ಟಿಲನ್ನೇ ಹಿಡಿದುಕೊಂಡೆ, ನನ್ನ ಹಳೆಯ ಹಗೆ ಅದು. ಲೆಕ್ಕ ಸುಲಭ. 3300 ಎತ್ತರವನ್ನು 150ರಂತೆ ಭಾಗಿಸಿದರೆ 22 ಏರುಗಳು. ಎರಡು ಸಾಲಿಗೆ 11, 11. ತುಳಿಯುವ ಹಾಸು 250. (ವಾಸದ ಮನೆಗೆ ಏರು 190ಕ್ಕಿಂತ ಹೆಚ್ಚಿರಬಾರದು, ಹಾಸು 250ಕ್ಕಿಂತ ಕಡಿಮೆ ಇರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಇದನ್ನು ಎಲ್ಲರೂ ಬಾಯಿಪಾಠ ಹೇಳಿದರು.) ಒಂದು ಸಾಲಿಗೆ ಹಾಸು ಎಷ್ಟು ಎಂದು ಕೇಳಿದೆ. "ಹನ್ನೊಂದು" ಎಂದು ಇಡೀ ತರಗತಿ ಕೂಗಿತು.

ಅಲ್ಲ, ಹತ್ತು. ಹನ್ನೊಂದನೆಯ ಏರು ಹತ್ತಿದಾಗ ಕಾಲಿಡುವುದು ಲ್ಯಾಂಡಿಂಗ್ ಮೇಲೆ. ಬೋರ್ಡಿನ ಮೇಲೆ ಎರಡು ಸಲ ಬರೆದು ತೋರಿಸಿದೆ. ತಲೆ ಆಡಿಸಿದರು, ಮತ್ತೆ ಹನ್ನೊಂದೇ ಬರೆದರು. ಹಾಗೆ ಬರೆದವರಲ್ಲಿ ಒಬ್ಬ ಹುಡುಗ ಭಾನುವಾರ, ರಜಾ ದಿನಗಳಲ್ಲಿ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗುವವನು. ರಸಮಟ್ಟ, ತೂಗುಗುಂಡು ಹಿಡಿದರೆ ಅವನ ಕೈ ಅಲ್ಲಾಡುವುದಿಲ್ಲ. ಮೆಟ್ಟಿಲಿಗೆ ಸೆಂಟ್ರಿಂಗ್ ಹೊಡೆಯುವಾಗ ಏರುಗಳನ್ನು ಗೋಡೆಯ ಮೇಲೆ ಗುರುತು ಹಾಕುವವನೇ ಅವನಂತೆ. ಅವನನ್ನು ಕೇಳಿದೆ: "ಸೈಟಿನಲ್ಲಿ ಹನ್ನೊಂದು ಏರು ಹಾಕಿದಾಗ ಎಷ್ಟು ಮೆಟ್ಟಿಲು ಕಟ್ತೀಯಪ್ಪ?"

"ಹತ್ತು ಕಟ್ಟೋದು ಮೇಡಂ. ಕೊನೇದು ಮೋಲ್ಡೇ ಅಲ್ವಾ?"

"ಮತ್ತೆ ಇಲ್ಲಿ ಹನ್ನೊಂದು ಬರೆದಿದ್ದೀಯಲ್ಲ?"

ಅವನು ತನ್ನ ಶೀಟು ನೋಡಿದ, ನನ್ನ ಮುಖ ನೋಡಿದ. "ಇದು ಡ್ರಾಯಿಂಗ್ ಅಲ್ವಾ ಮೇಡಂ" ಎಂದ.

ಆ ಮಾತು ಆಮೇಲೂ ತಲೆಯಲ್ಲೇ ಉಳಿಯಿತು. ಅವನ ಮಟ್ಟಿಗೆ ಮನೆ ಕಟ್ಟುವುದು ಒಂದು, ಮನೆ ಬರೆಯುವುದು ಇನ್ನೊಂದು. ಎರಡಕ್ಕೂ ಸಂಬಂಧವಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಅಷ್ಟರಲ್ಲಿ ನಮ್ಮ ಕಾಲೇಜಿನ ಮಾರ್ಗದರ್ಶಕರು ಪಾಠ ವೀಕ್ಷಣೆಗೆ ಬಂದರು. ನನ್ನ ಪಾಠ ಯೋಜನೆಯಲ್ಲಿದ್ದದ್ದು 'ಸೆಕ್ಷನ್ ರೇಖಿಸುವ ವಿಧಾನ', ಬೋಧನೋಪಕರಣ ಒಂದು ಚಾರ್ಟು. ನಾನು ಚಾರ್ಟನ್ನು ಮೊಳೆಗೆ ಸಿಕ್ಕಿಸಿ, ಮಕ್ಕಳನ್ನು ಸಂಸ್ಥೆಯ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿಬಿಟ್ಟೆ. ಗಾರೆ ಕೆಲಸದ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟೆ. ಅವನು ಪಕ್ಕದ ಗೋಡೆಯ ಮೇಲೆ ಏರುಗಳಿಗೆ ಒಂದೊಂದು ಗೀಟು, ಹಾಸುಗಳಿಗೆ ಒಂದೊಂದು ಸೊನ್ನೆ ಹಾಕಿಕೊಂಡು ಹತ್ತಿದ. ಗೀಟು ಹನ್ನೊಂದು, ಸೊನ್ನೆ ಹತ್ತು. ಆಮೇಲೆ ಕೆಳಗಿಳಿದು ಲೆಕ್ಕ ಹಾಕಿದೆವು. ಹತ್ತು ಹಾಸಿಗೆ 2500, ಎರಡು ಕಡೆ ಲ್ಯಾಂಡಿಂಗ್ ಒಂದೊಂದು ಸಾವಿರ, ಒಟ್ಟು 4500, ಪ್ರಶ್ನೆಯಲ್ಲಿ ಕೊಟ್ಟ ಕೋಣೆಯೂ ಅಷ್ಟೇ. ಹನ್ನೊಂದು ಹಾಕಿದರೆ 250 ಹೆಚ್ಚಾಗುತ್ತದೆ. 1:50 ಸ್ಕೇಲಿನಲ್ಲಿ ಅದು 5 ಮಿ.ಮೀ. ನಮ್ಮ 230ರ ಗೋಡೆ ಶೀಟಿನ ಮೇಲೆ 5 ಮಿ.ಮೀ.ಗೂ ಕಡಿಮೆ. ಅಂದರೆ ಆ ಒಂದು ಹಾಸು ಇಡೀ ಗೋಡೆಯನ್ನೇ ನುಂಗುತ್ತದೆ. "ಅಯ್ಯೋ, ಅದಕ್ಕೇ ನಂದು ಗೋಡೆ ಮೇಲೆ ಹೋಗಿತ್ತು" ಎಂದು ಹಿಂದಿನಿಂದ ಒಂದು ದನಿ ಬಂತು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು: 'ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಉತ್ತಮ. ಸಿದ್ಧಪಡಿಸಿದ ಚಾರ್ಟನ್ನು ಬಳಸಿಲ್ಲ. ಕಾಲ ನಿರ್ವಹಣೆ ಸುಧಾರಿಸಬೇಕು.' ಮೂರೂ ನಿಜವೇ.

ಇನ್ನು ಸೆಕ್ಷನ್. ಕತ್ತರಿಸಿದ್ದಕ್ಕೆ ದಪ್ಪ ಗೆರೆ, ಹಿಂದೆ ಕಾಣುವುದಕ್ಕೆ ತೆಳು ಗೆರೆ, ಕಾಣದ್ದಕ್ಕೆ ಚುಕ್ಕೆ ಗೆರೆ ಎಂದು ಅವರು ಒಪ್ಪಿಸುತ್ತಿದ್ದರು. ಆದರೆ ಕತ್ತರಿಸುವುದು ಎಂದರೇನು ಎಂದು ಕೇಳಿದರೆ ಉತ್ತರವಿಲ್ಲ. ಪ್ಲಾನ್ ಕೂಡ ಒಂದು ಕೊಯ್ತವೇ, ಕಿಟಕಿಯ ತಳಕ್ಕಿಂತ ಸ್ವಲ್ಪ ಮೇಲೆ ಮನೆಯನ್ನು ಅಡ್ಡಡ್ಡ ಕೊಯ್ದು ಮೇಲಿನ ಭಾಗ ಎತ್ತಿಟ್ಟು ಕೆಳಗೆ ನೋಡಿದ್ದು, ಸಜ್ಜಾ ಮೇಲಿನ ಭಾಗದಲ್ಲಿ ಹೋಗಿಬಿಟ್ಟಿದ್ದರಿಂದಲೇ ಪ್ಲಾನಿನಲ್ಲಿ ಅದನ್ನು ಚುಕ್ಕೆ ಗೆರೆಯಲ್ಲಿ ತೋರಿಸುವುದು, ಎಂದಾಗ ಕೆಲವರು ಬಾಯಿ ಬಿಟ್ಟುಕೊಂಡು ಕೇಳಿದರು. ರಟ್ಟಿನ ಮನೆ ಮಾಡಿ ಬ್ಲೇಡಿನಲ್ಲಿ ಕೊಯ್ದು ತೋರಿಸಿದೆ. ರಟ್ಟಿನ ಮನೆಗೆ ಪಾಯ ಇರುವುದಿಲ್ಲ, ಮೋಲ್ಡಿನ ದಪ್ಪ ಇರುವುದಿಲ್ಲ. ಸಾಲಲಿಲ್ಲ.

ನಾನು ದಿನಾ ಬಸ್ಸಿಳಿದು ನಡೆದು ಬರುವ ಹಳೆಯ ಪೇಟೆ ಬೀದಿಯಲ್ಲಿ ಆಗ ರಸ್ತೆ ಅಗಲ ಮಾಡುತ್ತಿದ್ದರು. ಬೀದಿಯ ಒಂದು ಬದಿಯ ಮನೆಗಳನ್ನೆಲ್ಲ ಹತ್ತು ಹನ್ನೆರಡು ಅಡಿ ಕೊಯ್ದು ಬಿಟ್ಟಿದ್ದರು. ಒಂದೊಂದು ಮನೆಯೂ ಎದುರಿಗೆ ತೆರೆದು ನಿಂತಿತ್ತು. ಒಂದು ಬೆಳಿಗ್ಗೆ ಅದರ ಮುಂದೆ ನಿಂತಾಗ ಹೊಳೆಯಿತು, ಇದಕ್ಕಿಂತ ಒಳ್ಳೆಯ ಸೆಕ್ಷನ್ ಎಲ್ಲಿ ಸಿಗುತ್ತದೆ! ಅನುಮತಿ ಕೇಳಿಕೊಂಡು ಆ ಶನಿವಾರವೇ ಮಕ್ಕಳನ್ನು ಕರೆದುಕೊಂಡು ಹೋದೆ.

ಪುಸ್ತಕದಲ್ಲಿದ್ದದ್ದೆಲ್ಲ ಅಲ್ಲಿತ್ತು. ಒಂದು ಹಳೆಯ ಮನೆಗೆ ಮದ್ರಾಸ್ ತಾರಸಿ: ಮರದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ಅಂಚಿನ ಮೇಲೆ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು ಸುಣ್ಣದ ಗಾರೆ. ಮಕ್ಕಳು ಇದನ್ನು ಮೂರು ಸಲ ಬರೆದಿದ್ದರಂತೆ, ಒಮ್ಮೆಯೂ ನೋಡಿರಲಿಲ್ಲ. ಪಕ್ಕದಲ್ಲಿ ಆರ್.ಸಿ.ಸಿ. ಮನೆ. ಕತ್ತರಿಸಿದ ಮೋಲ್ಡಿನಿಂದ ಕಂಬಿಗಳು ಹೊರಗೆ ಚಾಚಿದ್ದವು. ಸ್ಲ್ಯಾಬಿನ ದಪ್ಪ ಅಳೆದೆವು, ಸುಮಾರು 120 ಬಂತು. ಗೋಡೆ ಕೆಳಗಿಳಿಯುತ್ತ ಪ್ಲಿಂತ್‌ನಲ್ಲಿ ಸೈಜುಗಲ್ಲಾಗಿ ಅಗಲವಾಗಿ, ನೆಲದ ಕೆಳಗೆ ಇನ್ನೂ ಅಗಲವಾಗಿ, ಕೊನೆಗೆ ಬೆಡ್ ಕಾಂಕ್ರೀಟಿನ ಮೇಲೆ ಕೂತದ್ದು ಮೋರಿಗೆ ತೋಡಿದ ಗುಂಡಿಯಲ್ಲಿ ಕಾಣುತ್ತಿತ್ತು. ಮನೆಯೊಳಗಿನ ನೆಲದ ಕೆಳಗೆ ತುಂಬಿದ್ದು ಬರೀ ಮಣ್ಣು ಎಂದು ನೋಡಿ ಒಬ್ಬಳಿಗೆ ಆಶ್ಚರ್ಯ. ಸೆಕ್ಷನ್ನಿನಲ್ಲಿ ಆ ಜಾಗಕ್ಕೆ ಅವಳು ಕಾಂಕ್ರೀಟಿನ ಗುರುತು ಹಾಕುತ್ತಿದ್ದಳಂತೆ.

ಆ ಆರ್.ಸಿ.ಸಿ. ಮನೆಯ ಕೊಯ್ತ ಅಡುಗೆಮನೆಯ ನಡುವೆ ಹಾದುಹೋಗಿತ್ತು. ನೀಲಿ ಬಣ್ಣದ ಗೋಡೆ, ಕಡಪ ಕಲ್ಲಿನ ಶೆಲ್ಫು, ಒಲೆಯ ಜಾಗದಲ್ಲಿ ಮಸಿ, ಕ್ಯಾಲೆಂಡರಿನ ಮೊಳೆ. ಇಬ್ಬರು ಹುಡುಗರು ಟೇಪು ಹಿಡಿದು ಶೆಲ್ಫಿನ ಎತ್ತರ ಕೂಗಿ ಹೇಳುತ್ತಿದ್ದರು. ನಾನು ಉತ್ಸಾಹದಲ್ಲಿ, "ಕೊಯ್ದದ್ದು ದಪ್ಪ ಗೆರೆ. ಹಿಂದಿನ ಗೋಡೆಯಲ್ಲಿ ಬಾಗಿಲು ಕಾಣ್ತಿದೆಯಲ್ಲ, ಅದು ತೆಳು ಗೆರೆ. ಆ ಬಾಗಿಲಿನ ಹಿಂದೆ ಏನಿರಬಹುದು, ಊಹೆ ಮಾಡಿ" ಎಂದೆ.

"ದೇವರ ಮನೆ" ಎಂದಳು ದೂರದಲ್ಲಿ ನಿಂತಿದ್ದ ಒಬ್ಬ ಹುಡುಗಿ. "ಅದರ ಹಿಂದೆ ಬಚ್ಚಲು."

"ಹೇಗೆ ಹೇಳ್ತೀಯ?"

"ನಮ್ಮನೆ ಮೇಡಂ."

ಟೇಪು ಹಿಡಿದಿದ್ದ ಹುಡುಗರು ಅದನ್ನು ಹಾಗೇ ಬಿಟ್ಟುಬಿಟ್ಟರು, ಅದು ಸರ್ರನೆ ಒಳಗೆ ಸೇರಿಕೊಂಡಿತು. ಹಾಜರಾತಿ ಪುಸ್ತಕದಲ್ಲಿ ಪ್ರತಿಯೊಬ್ಬರ ವಿಳಾಸವೂ ಇತ್ತು. ನಾನು ಅಂಕದ ಪುಟಗಳನ್ನಷ್ಟೇ ತಿರುವಿದ್ದೆ. ಆ ಹುಡುಗಿ ಮೊದಲ ದಿನ ಏನೂ ಬರೆಯದೆ ಖಾಲಿ ಶೀಟು ಕೊಟ್ಟ ಮೂವರಲ್ಲಿ ಒಬ್ಬಳು. ಆ ವಾರ ಎರಡು ದಿನ ಅವಳು ಬಂದಿರಲಿಲ್ಲ. ಯಾಕೆ ಬರಲಿಲ್ಲವೆಂದು ನಾನು ಕೇಳಿರಲಿಲ್ಲ, ಗೈರು ಎಂದು ಗುರುತು ಹಾಕಿದ್ದೆ.

"ಸಾಕು, ಹೋಗೋಣ ನಡೀರಿ" ಎಂದೆ. ಅವಳೇ ಹತ್ತಿರ ಬಂದಳು. "ಅಳೀಲಿ ಬಿಡಿ ಮೇಡಂ. ಇಲ್ಲಿ ಒಲೆ ಕಟ್ಟೆ ಇತ್ತು, ನಮ್ಮಮ್ಮನ ಸೊಂಟಕ್ಕೆ ಬರ್ತಿತ್ತು, ಅದನ್ನೂ ಹಾಕ್ಕೊಳ್ಳಿ" ಎಂದಳು. ಉಳಿದ ಹಿಂಭಾಗದಲ್ಲೇ ಅವರು ಇದ್ದರು. ಒಳಗಿನಿಂದ ಅವಳ ಅಮ್ಮ ಒಂದು ಬಿಂದಿಗೆ ನೀರು, ಎರಡು ಲೋಟ ತಂದಿಟ್ಟು, "ಬಿಸಿಲು, ಕುಡೀರಪ್ಪ" ಎಂದರು. ನಾನು ಅವರ ಹತ್ತಿರ ಏನು ಮಾತನಾಡಿದೆನೋ ಸರಿಯಾಗಿ ನೆನಪಿಲ್ಲ. ಕ್ಷಮೆ ಕೇಳಬೇಕೆಂದುಕೊಂಡವಳು ಪರೀಕ್ಷೆಯ ದಿನಾಂಕ ಹೇಳಿ ಬಂದೆ.

ಇದನ್ನು ಇಲ್ಲಿ ಬರೆಯಬೇಕೇ ಬೇಡವೇ ಎಂದು ಯೋಚಿಸಿದೆ. ಕ್ಷೇತ್ರ ಭೇಟಿಯನ್ನು ಯೋಜಿಸುವಾಗ ನಾವು ದೂರ, ಸಮಯ, ಅನುಮತಿ ಪತ್ರ ಬರೆದುಕೊಳ್ಳುತ್ತೇವೆ. ಆ ಜಾಗದಲ್ಲಿ ನಮ್ಮ ಮಕ್ಕಳ ಮನೆ ಇದೆಯೇ ಎಂದು ಕೇಳಲು ನಮೂನೆಯಲ್ಲಿ ಅಂಕಣವಿಲ್ಲ ಎಂದು ತಪ್ಪಿಸಿಕೊಳ್ಳಬಹುದು. ಒಂದು ಪ್ರಶ್ನೆ ಕೇಳುವುದಕ್ಕೆ ಅಂಕಣ ಬೇಕಾಗಿರಲಿಲ್ಲ.

ಸೋಮವಾರ ಮತ್ತೆ ಗೆರೆ ಸರಿಸಿ ಪ್ರಶ್ನೆ ಕೊಟ್ಟೆ. ಬಾಗಿಲಿಲ್ಲದ ಕಡೆ ಬಾಗಿಲು ಬರೆದವರು ಈ ಸಲ ಇಬ್ಬರೇ. ಆ ಹುಡುಗಿಯ ಸೆಕ್ಷನ್ ನಾನು ಅಲ್ಲಿವರೆಗೆ ನೋಡಿದ್ದರಲ್ಲೇ ಚೆನ್ನಾಗಿತ್ತು. ಕೊಯ್ದ ಗೋಡೆಗಳಷ್ಟೇ ಅಲ್ಲ, ಹಿಂದೆ ಕಾಣುವ ಶೆಲ್ಫು, ಬಾಗಿಲ ಚೌಕಟ್ಟು, ಬಚ್ಚಲಿನ ವೆಂಟಿಲೇಟರ್, ಎಲ್ಲ ತೆಳು ಗೆರೆಯಲ್ಲಿ ತನ್ನ ತನ್ನ ಜಾಗದಲ್ಲಿತ್ತು. ಆದರೆ ಎಲಿವೇಷನ್ ಜಾಗ ಖಾಲಿ. ನಾನು ಕೊಟ್ಟದ್ದು ನಾಲ್ಕು ಗಂಟೆ, ಅವಳಿಗೆ ಸೆಕ್ಷನ್ ಒಂದಕ್ಕೇ ಎರಡೂವರೆ ಗಂಟೆ ಹಿಡಿದಿತ್ತು. ಅಧಿಕಾರಿಗಳು ಶೀಟು ನೋಡಿ, "ಮೇಡಂ, ಇವಳು ಮೊದಲು ಹೇಗೋ ಕಾಪಿ ಮಾಡಿ ಮೂರನ್ನೂ ಮುಗಿಸುತ್ತಿದ್ದಳು. ಈಗ ಎರಡು ಬರೆದು ಒಂದು ಬಿಡ್ತಾಳೆ. ಫೇಲಾದರೆ ಏನು ಹೇಳ್ತೀರಿ?" ಎಂದರು. ಅವರು ಒರಟಾಗಿ ಹೇಳಿದ್ದಲ್ಲ, ಚಿಂತೆಯಿಂದಲೇ ಹೇಳಿದ್ದು. ಅವರು ಆ ಮಕ್ಕಳ ಜೊತೆ ಇರುವವರು, ನಾನು ಐದು ವಾರಕ್ಕೆ ಬಂದವಳು. ನನ್ನಲ್ಲಿ ಉತ್ತರವಿರಲಿಲ್ಲ.

ಉಳಿದ ಎರಡು ವಾರ ವೇಗದ ಮೇಲೆಯೇ ಕೆಲಸ ಮಾಡಿದೆವು. ಇದು ಪರೀಕ್ಷೆಗೆ ಮಕ್ಕಳನ್ನು ಅಣಿಗೊಳಿಸುವ ಇತರರಿಗೂ ಬೇಕಾಗಬಹುದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಮಕ್ಕಳು ಪ್ಲಾನ್ ಪೂರ್ತಿ ಮುಗಿಸಿ, ದಪ್ಪ ಮಾಡಿ, ಅಕ್ಷರ ಬರೆದು, ಆಮೇಲೆ ಎಲಿವೇಷನ್ನಿಗೆ ಮತ್ತೆ ಎಲ್ಲವನ್ನೂ ಸ್ಕೇಲಿನಿಂದ ಅಳೆಯುತ್ತಿದ್ದರು. ಅಳೆಯುವುದೇ ಬೇಕಿಲ್ಲ. 9 ಮೀಟರ್ ಉದ್ದದ ಮನೆ 1:50ರಲ್ಲಿ 180 ಮಿ.ಮೀ. ಎ2 ಶೀಟು 594ಕ್ಕೆ 420. ಪ್ಲಾನನ್ನು ಮನೆಯ ಮುಂಭಾಗ ಕೆಳಗೆ ಬರುವಂತೆ ಶೀಟಿನ ಎಡ ಕೆಳಗೆ ಇಟ್ಟರೆ, ಗೋಡೆ, ಬಾಗಿಲು, ಕಿಟಕಿಗಳಿಂದ ನೇರ ಮೇಲೆ ಗೆರೆ ಎಳೆದರೆ ಎಲಿವೇಷನ್ನಿನ ಅಗಲಗಳೆಲ್ಲ ಸಿಕ್ಕಿದವು. ಸೆಕ್ಷನ್ನಿನಲ್ಲಿ ಒಮ್ಮೆ ಗುರುತಿಸಿದ ಎತ್ತರಗಳನ್ನು (ನೆಲ, ಪ್ಲಿಂತ್, ಕಿಟಕಿಯ ತಳ, ಲಿಂಟಲ್, ತಾರಸಿ, ಪೆರಾಪೆಟ್) ಅಡ್ಡಲಾಗಿ ಎಳೆದರೆ ಅದೇ ಎತ್ತರಗಳು ಎಲಿವೇಷನ್ನಿಗೂ ಆದವು. ಮೂರೂ ಚಿತ್ರ 2ಎಚ್ ಪೆನ್ಸಿಲಿನಲ್ಲಿ ಹಗುರವಾಗಿ ನಿಂತ ಮೇಲೆಯೇ ದಪ್ಪ ಗೆರೆ. ಪೂರ್ತಿಯಾಗದಿದ್ದರೂ ಮೂರೂ ಹಾಳೆಯ ಮೇಲೆ ಇರುತ್ತವೆ. ಮೊದಲ ಗಂಟೆಯಲ್ಲಿ ಯಾರೂ ಎಚ್‌ಬಿ ಮುಟ್ಟಬಾರದೆಂದು ನಿಯಮ ಮಾಡಿದೆ, ಎಚ್‌ಬಿ ಪೆನ್ಸಿಲುಗಳನ್ನು ನಾನೇ ಮೇಜಿನ ಮೇಲೆ ತೆಗೆದಿಟ್ಟುಕೊಳ್ಳುತ್ತಿದ್ದೆ. ಕಂಪ್ಯೂಟರಿನಲ್ಲಿ ಹಾಕುವ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಒಬ್ಬ ಕೇಳಿದ. ಕಂಪ್ಯೂಟರಿಗೂ ಎ–ಬಿ ಎಲ್ಲಿ ಹೋಗಿದೆ ಎಂದು ನೀನೇ ಹೇಳಬೇಕಪ್ಪ ಎಂದೆ.

ಮತ್ತೊಂದು ಅಭ್ಯಾಸ ಮಾಡಿಸಿದೆ. ಪ್ರಶ್ನೆ ಕೈಗೆ ಬಂದೊಡನೆ ಸ್ಕೇಲು ಮುಟ್ಟದೆ, ಎ–ಬಿ ಗೆರೆಯ ಮೇಲೆ ಬೆರಳಿಟ್ಟು ನಡೆದುಕೊಂಡು ಹೋಗುವುದು. ದಾರಿಯಲ್ಲಿ ಸಿಕ್ಕಿದ್ದನ್ನು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಬರೆದುಕೊಳ್ಳುವುದು: ಗೋಡೆ, ಬಚ್ಚಲು, ಗೋಡೆ, ಮೆಟ್ಟಿಲು, ಗೋಡೆ. ಎಡಕ್ಕೆ ನೋಡಬೇಕೋ ಬಲಕ್ಕೋ ಎಂದು ಬಾಣದ ಗುರುತು ನೋಡುವುದು. ಎರಡು ನಿಮಿಷದ ಕೆಲಸ. ಹುಡುಗರು ಮೊದಲು ನಕ್ಕರು, ಆಮೇಲೆ ಮಾಡಿದರು.

ಐದು ವಾರ ಮುಗಿದು ನಾನು ಕಾಲೇಜಿಗೆ ಮರಳಿದ ಮೇಲೆ ಅವರ ಪರೀಕ್ಷೆ ನಡೆಯಿತು. ಸಂಜೆ ಗಾರೆ ಕೆಲಸದ ಹುಡುಗ ಫೋನು ಮಾಡಿದ. "ಮೆಟ್ಲು ಬಂದಿತ್ತು ಮೇಡಂ, ಹತ್ತೇ ಹಾಕಿದೀನಿ" ಎಂದ. ಹಿಂದಿನಿಂದ ಇನ್ನೂ ನಾಲ್ಕೈದು ಜನ ಒಟ್ಟಿಗೆ ಏನೇನೋ ಕೂಗುತ್ತಿದ್ದರು. ಆ ಹುಡುಗಿಗೆ ಫೋನು ಕೊಡು ಎಂದೆ.

"ಮೂರೂ ಹಾಕಿದೆ ಮೇಡಂ. ಎಲಿವೇಷನ್ನಲ್ಲಿ ಪೆರಾಪೆಟ್ ದಪ್ಪ ಮಾಡೋಕೆ ಟೈಮ್ ಸಾಲಲಿಲ್ಲ, ತೆಳು ಗೆರೆಯಲ್ಲೇ ಕೊಟ್ಟೆ. ಮಾರ್ಕ್ಸ್ ಹೋಗತ್ತಾ?"

"ಸ್ವಲ್ಪ ಹೋಗಬಹುದು."

"ಹೋಗ್ಲಿ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೇಡಂ, ನಮ್ಮ ಮನೆ ಮುಂದುಗಡೆ ಗೋಡೆ ಕಟ್ಟಿಸ್ತಾವ್ರೆ. ಉಳಿದಿರೋ ಜಾಗದಲ್ಲಿ ಅಡುಗೆಮನೆ ಎಲ್ಲಿ ಬರತ್ತೆ ಅಂತ ನೀನೇ ಪ್ಲಾನ್ ಹಾಕು ಅಂದ್ರು ನಮ್ಮ ಮಾವ. ಒಂದಕ್ಕೆ ಐವತ್ತು ಸ್ಕೇಲ್ ಸಾಕಾ?"

"ಸಾಕು" ಎಂದೆ. "ಮೊದಲು ಒಳಗಿನ ಅಳತೆ ಎಲ್ಲ ತಗೊ. ಟೇಪು ಇದೆಯಾ?"

"ಇಲ್ಲ. ಇವನ ಹತ್ರ ಇದೆ, ಇಸ್ಕೊತೀನಿ."